ಮೂವತ್ತು ದಾಟಿದ ಸ್ಟ್ರೈಕರ್

ಮೂವತ್ತು ದಾಟಿ ಓಟದ ವೇಗ ತಗ್ಗಿದ ಮೇಲೆ ಸ್ಟ್ರೈಕರ್‌ನ, ಅಂದರೆ ಫುಟ್‌ಬಾಲ್‌ನಲ್ಲಿ ಗೋಲು ಹೊಡೆಯುವ ಮುಂಚೂಣಿ ಆಟಗಾರನ, ವೃತ್ತಿಜೀವನ ಮುಗಿಯಿತೇ ಎಂಬ ಪ್ರಶ್ನೆಯಿದೆ; ಮುಗಿಯಲೇಬೇಕೆಂದಿಲ್ಲ. ಜರ್ಮನಿಯ ಮಿರೊಸ್ಲಾವ್ ಕ್ಲೋಸ ಅವರನ್ನೇ ನೋಡಿ. ಬಡಗಿ ಕೆಲಸ ಕಲಿತು, ಕೆಳಹಂತದ ಲೀಗುಗಳಲ್ಲಿ ಆಡುತ್ತಿದ್ದ ಅವರು ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲಿಗಾ ತಲುಪಿದ್ದು 2000ರಲ್ಲಿ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಮೊದಲ ಹೊಡೆತವನ್ನು ಬ್ರೆಜಿಲ್‌ನ ಗೋಲ್‌ಕೀಪರ್ ತಡೆದರೂ ಎದೆಗುಂದದೆ, ಮರಳಿ ಬಂದ ಚೆಂಡನ್ನು ಮರುಕ್ಷಣವೇ ಬಲೆಗೆ ಸೇರಿಸಿ, ವಿಶ್ವಕಪ್‌ಗಳಲ್ಲಿ 16ನೆಯ ಗೋಲು ಗಳಿಸಿ, ಬ್ರೆಜಿಲ್‌ನವರೇ ಆದ ರೊನಾಲ್ಡೊ ಅವರ ದಾಖಲೆಯನ್ನು ಮುರಿದರು. ಅಲ್ಲಿ ನೆರವಾದದ್ದು ವೇಗಕ್ಕಿಂತ ಹೆಚ್ಚಾಗಿ, ಚೆಂಡು ಎಲ್ಲಿ ಬೀಳುತ್ತದೆಂಬ ಅಂದಾಜು. ಬರೀ ಓಟವನ್ನೇ ನಂಬಿದವರಿಗೆ ಮಾತ್ರ ಹಾದಿ ಕಠಿಣ, ಏಕೆಂದರೆ ತೊಡೆಯ ಹಿಂಭಾಗದ ಸ್ನಾಯು ಒಮ್ಮೆ ಹರಿದರೆ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಅಂಥವರು ಹೆಡರ್ (ತಲೆಯಿಂದ ಚೆಂಡು ಹೊಡೆಯುವುದು) ಮತ್ತು ಮೊದಲ ಸ್ಪರ್ಶವನ್ನು (ಬಂದ ಚೆಂಡನ್ನು ಮುಟ್ಟಿದೊಡನೆ ಹಿಡಿತಕ್ಕೆ ತರುವುದು) ಮೂವತ್ತಕ್ಕೆ ಮುಂಚೆಯೇ ಪಳಗಿಸಿಕೊಳ್ಳಬೇಕು.