ಮೊಟ್ಟೆ ತೇಲಿತು, ಅರೆಜೊಳ್ಳು ಮುಳುಗಿತು

ಏಳನೇ ಕ್ಲಾಸಿನ ಮಗಳು ಸಾಂದ್ರತೆಯ (ಇಷ್ಟು ಗಾತ್ರಕ್ಕೆ ಎಷ್ಟು ತೂಕ ಅನ್ನುವುದರ) ಸೂತ್ರ ತಟ್ಟನೆ ಹೇಳುತ್ತಾಳೆ, ಆದರೆ ಕಬ್ಬಿಣದ ಮೊಳೆ ಮುಳುಗಿ ಹಡಗು ಯಾಕೆ ತೇಲುತ್ತೆ ಅಂದರೆ ಸುಮ್ಮನಾಗುತ್ತಾಳೆ, ಟ್ಯೂಷನ್‌ಗೆ ಹಾಕಲಾ, ವಿಡಿಯೋ ತೋರಿಸಲಾ ಅಂತ ಕೇಳಿದ್ದೀರಿ. ನಾನೂ ಹಾಗೇ ಇದ್ದೆ. ಅದೂ ಪಿಯುಸಿ ಸೈನ್ಸ್ ಓದುವಾಗ.

ನಮ್ಮದು ಮಂಡ್ಯ ಕಡೆ, ನಾಲೆ ನೀರಿನ ಗದ್ದೆ. ಒಟ್ಲು, ಅಂದರೆ ಪೈರು ಬೆಳೆಸುವ ಸಸಿಮಡಿ, ಹಾಕುವ ಮುಂಚೆ ಬಿತ್ತನೆ ಭತ್ತವನ್ನು ಉಪ್ಪು ನೀರಿಗೆ ಸುರಿಯುವುದು ಅಪ್ಪನ ರೂಢಿ. ಬರೀ ನೀರಿನಲ್ಲಿ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ. ಅರ್ಧ ತುಂಬಿದ ಕಾಳು ಅಷ್ಟೇ ಗಾತ್ರದ ನೀರಿಗಿಂತ ಒಂಚೂರು ಭಾರ, ಗಟ್ಟಿ ಕಾಳಿನ ಜೊತೆ ಅದೂ ತಳ ಸೇರಿಬಿಡುತ್ತದೆ. ಅದನ್ನು ಮೇಲೆತ್ತಬೇಕಾದರೆ ನೀರೇ ಭಾರ ಆಗಬೇಕು. ಅದಕ್ಕೇ ಉಪ್ಪು. ಎಷ್ಟು ಉಪ್ಪು ಅನ್ನುವುದಕ್ಕೆ ಮೊಟ್ಟೆಯೇ ಅಳತೆ. ಮುಳುಗಿದ್ದ ಮೊಟ್ಟೆ ಮೇಲೆ ಬಂದು, ನಾಲ್ಕಾಣೆ ಅಗಲ ಹೊರಗೆ ಕಾಣಬೇಕು. 10 ಲೀಟರ್ ನೀರಿಗೆ ಹೆಚ್ಚುಕಮ್ಮಿ ಒಂದೂವರೆ ಕೆ.ಜಿ. ಹಿಡಿಯುತ್ತದೆ.

ಆ ವರ್ಷ ಅಪ್ಪನಿಗೆ ಜ್ವರ. "ಸೈನ್ಸ್ ಓದ್ತಿದ್ದೀಯಲ್ಲ ಮಗಾ, ನೀನೇ ಮಾಡು" ಅಂದರು. ಒಂದು ಎಕರೆಗೆ ಬೇಕಾದ 25 ಕೆ.ಜಿ. ಭತ್ತ, 20 ಲೀಟರ್ ನೀರು, ಮೂರು ಕೆ.ಜಿ. ಉಪ್ಪು, ಎಲ್ಲ ಹಿತ್ತಲಲ್ಲಿ ಇತ್ತು. ಮೊಟ್ಟೆ ಇರಲಿಲ್ಲ. ಕಾವಿಗೆ ಕೂತಿದ್ದ ಹೇಂಟೆಯ ಕೆಳಗಿಂದ ಒಂದು ಎತ್ತಿಕೊಂಡು ಬಂದೆ.

ಮಾಡಿದ ತಪ್ಪು ಇದೊಂದೇ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಮಗಳಿಗೆ ಬೇಕಾದ ಪಾಠವೆಲ್ಲ ಇದರಲ್ಲೇ ಇದೆ. ಹೊಸ ಮೊಟ್ಟೆ ಒಂದು ಘನ ಸೆಂಟಿಮೀಟರಿಗೆ ಸುಮಾರು 1.08 ಗ್ರಾಂ ತೂಗುತ್ತದೆ, ನೀರು 1 ಗ್ರಾಂ. ಹಾಗಾಗಿ ಅದು ನೀರಿನ ತಳದಲ್ಲಿ ಅಡ್ಡ ಮಲಗುತ್ತದೆ. ಆದರೆ ಮೊಟ್ಟೆಯ ಓಡಿನಲ್ಲಿ ಕಣ್ಣಿಗೆ ಕಾಣದಂಥ ತೂತುಗಳಿವೆ. ದಿನ ಕಳೆದ ಹಾಗೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ, ದಪ್ಪ ತುದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಓಡು ಕುಗ್ಗುವುದಿಲ್ಲ, ಗಾತ್ರ ಅಷ್ಟೇ ಇರುತ್ತದೆ. ತೂಕ ಮಾತ್ರ ಇಳಿಯುತ್ತದೆ. ಕೋಳಿಯ ಕಾವಿನಲ್ಲಿ ಇನ್ನೂ ಬೇಗ.

ನನ್ನ ಮೊಟ್ಟೆ ಬರೀ ನೀರಿನಲ್ಲೇ ದಪ್ಪ ತುದಿ ಮೇಲೆ ಮಾಡಿ ನೆಟ್ಟಗೆ ನಿಂತಿತ್ತು. ನೋಡಿದೆ, ಆದರೆ ಯಾಕೆ ಅಂತ ಯೋಚಿಸಲಿಲ್ಲ. ಒಂದು ಬೊಗಸೆ ಉಪ್ಪು ಕರಗಿಸುವಷ್ಟರಲ್ಲಿ ತೇಲಿತು. ಉಪ್ಪು ಉಳಿಯಿತು ಅಂತ ಖುಷಿಪಟ್ಟೆ. ನೀರು ಭಾರ ಆಗಿರಲೇ ಇಲ್ಲ, ಮೊಟ್ಟೆ ಹಗುರ ಆಗಿತ್ತು. ಅರ್ಧ ತುಂಬಿದ ಕಾಳೆಲ್ಲ ಗಟ್ಟಿ ಕಾಳಿನ ಜೊತೆ ಮುಳುಗಿತು. ಹಾಗೇ ತೊಳೆದು, ಮೊಳಕೆ ಕಟ್ಟಿ, ಒಟ್ಲಿಗೆ ಚೆಲ್ಲಿದೆ.

ಹತ್ತು ದಿನಕ್ಕೆ ಒಟ್ಲು ಅಲ್ಲಲ್ಲಿ ಬೋಳು. ಬಂದ ಪೈರಲ್ಲೂ ಎಷ್ಟೋ ಸಣಕಲು. ನಾಟಿಗೆ ಸಾಲದೆ ಪಕ್ಕದ ಗದ್ದೆಯವರ ಹತ್ತಿರ ಪೈರು ಕೇಳಿ ತಂದೆವು. ಅಪ್ಪ ಬೈಯಲಿಲ್ಲ. "ಮೊಟ್ಟೆ ಎಲ್ಲಿಂದ ತಂದಿದ್ದೆ?" ಅಂತಷ್ಟೇ ಕೇಳಿದರು. ಸೂತ್ರ ಬಾಯಿಪಾಠ ಇದ್ದ ನನಗೆ ಆಗ ಸಾಂದ್ರತೆ ಅರ್ಥವಾಯಿತು.

ಅದಕ್ಕೇ ಹೇಳುತ್ತೇನೆ, ಟ್ಯೂಷನ್ನೂ ಬೇಡ, ವಿಡಿಯೋನೂ ಬೇಡ. ಸೂತ್ರ ಅವಳಿಗೆ ಈಗಾಗಲೇ ಬರುತ್ತದೆ, ಕೊರತೆ ಅದರದ್ದಲ್ಲ. 'ಭಾರ ಇದ್ದದ್ದು ಮುಳುಗುತ್ತೆ' ಅನ್ನುವ ಮಾತನ್ನು ಮೊದಲು ಮನೆಯಿಂದ ಓಡಿಸಿ. ಯಾವುದಕ್ಕಿಂತ ಭಾರ ಅಂತ ಕೇಳದೆ ಆ ಮಾತಿಗೆ ಅರ್ಥವೇ ಇಲ್ಲ. ಬಕೆಟ್ ನೀರಿಗೆ ಒಂದು ಸ್ಟೀಲ್ ಚೊಂಬು ಬಿಡಿ. ಖಾಲಿ ಚೊಂಬನ್ನು ಅವಳೇ ಕೈಯಲ್ಲಿ ಒತ್ತಲಿ. ನೀರು ಎಷ್ಟು ಜೋರಾಗಿ ಮೇಲಕ್ಕೆ ತಳ್ಳುತ್ತದೆ ಅಂತ ಅಂಗೈಗೇ ತಿಳಿಯುತ್ತದೆ. ಆಮೇಲೆ ಲೋಟ ಲೋಟ ನೀರು ಒಳಗೆ ಹಾಕುತ್ತಾ ಹೋಗಲಿ. ಸ್ಟೀಲ್ ಅದೇ, ಚೊಂಬು ಅದೇ, ಒಳಗಿನ ಗಾಳಿ ಹೋಗಿ ನೀರು ಬಂತು, ಮುಳುಗಿತು. ಹಡಗಿನ ಹೊಟ್ಟೆ ತುಂಬ ಗಾಳಿ. ಒಟ್ಟು ಲೆಕ್ಕ ಹಾಕಿದರೆ ಅಷ್ಟೇ ಗಾತ್ರದ ನೀರಿಗಿಂತ ಅದು ಹಗುರ. ಮೊಳೆಯಲ್ಲಿ ಕಬ್ಬಿಣ ಬಿಟ್ಟರೆ ಏನೂ ಇಲ್ಲ, ನೀರಿಗಿಂತ ಸುಮಾರು ಎಂಟು ಪಟ್ಟು ಭಾರ.

ಮೊಟ್ಟೆ ತಿನ್ನುವ ಮನೆಯಾದರೆ ಒಂದು ಹೊಸ ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು ಬರೆಸಿ, ಫ್ರಿಜ್‌ನಿಂದ ಹೊರಗಿಡಿ. ಮೂರು ದಿನಕ್ಕೊಮ್ಮೆ ನೀರಿಗೆ ಬಿಟ್ಟು, ಎಷ್ಟು ಎದ್ದು ನಿಂತಿದೆ ಅಂತ ಅವಳೇ ಚಿತ್ರ ಬರೆಯಲಿ. ಆ ಮೊಟ್ಟೆ ಮಾತ್ರ ತಿನ್ನಬೇಡಿ.