ಶುಕ್ರವಾರದ ಆಟಕ್ಕಿಂತ ಗಂಟೆ ಗೊತ್ತಿಲ್ಲದ ಶನಿವಾರವೇ ಕಷ್ಟ

ಟೆಕ್ಸಾಸಿನ ಫ್ರಿಸ್ಕೋದಿಂದ ಓದುಗರೊಬ್ಬರು ಬರೆದ ಪತ್ರದ ಸಾರ: "ಮಗ ಪಕ್ಕದ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ. ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ನುಡಿಸುವ ಅಲ್ಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾನೆ. ಅಮೆರಿಕದಲ್ಲಿ ಚದುರಿಹೋಗಿರುವ ನಮ್ಮ ನೆಂಟರೆಲ್ಲ ಒಂದೆಡೆ ಸೇರುವುದು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಾತ್ರ. ಈ ಸಲ ಶಿವಮೊಗ್ಗದಿಂದ ಅವನ ಅಜ್ಜಿಯೂ ಬಂದಿದ್ದರು. ಹಬ್ಬದ ಮರುದಿನವೇ ಕಾಲೇಜು ಫುಟ್‌ಬಾಲ್ ಪಂದ್ಯ ಇಟ್ಟಿದ್ದರಿಂದ ಅವನೊಬ್ಬ ಬರಲಿಲ್ಲ. ಹಬ್ಬದ ವಾರಕ್ಕೆ ಮೊದಲೇ ಆಟಗಳನ್ನು ಮುಗಿಸಬಾರದೆ? ಅದಾಗದಿದ್ದರೆ ಶುಕ್ರವಾರ ಬಿಟ್ಟು ಶನಿವಾರವಾದರೂ ಆಡಿಸಬಾರದೆ?"

ಮಾನ್ಯರೇ,

ನಿಮ್ಮ ಸಂಕಟ ನ್ಯಾಯವಾದದ್ದು. 2025ರಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಟ್ರಂಪೆಟ್ ಊದುವ ಹುಡುಗನಿಗೆ ಸಿಗುವುದು ಹೆಚ್ಚೆಂದರೆ ಒಂದಷ್ಟು ಕ್ರೆಡಿಟ್ಟು, ಕೆಲವು ಕಡೆ ಸಣ್ಣ ಸ್ಟೈಪೆಂಡು. ಹಾಸ್ಟೆಲ್ ಖಾಲಿಯಾಗಿ ಊಟದ ಹಾಲ್‌ಗಳು ಬಾಗಿಲು ಹಾಕುವ ಆ ವಾರ ಅವನು ಮಾತ್ರ ಕ್ಯಾಂಪಸ್ಸಿನಲ್ಲಿ ಉಳಿಯಬೇಕು. ಈ ಹಬ್ಬದ ಪಂದ್ಯಗಳ ಬಗ್ಗೆ ಮಾತನಾಡುವವರು ಕೋಚ್, ಆಟಗಾರ, ಟಿವಿ ಅಷ್ಟಕ್ಕೇ ನಿಲ್ಲುತ್ತಾರೆ. ಬ್ಯಾಂಡಿನವರು, ಸ್ಟೇಡಿಯಮ್ಮಿನಲ್ಲಿ ತಿಂಡಿ ಮಾರುವವರು, ಪಾರ್ಕಿಂಗ್ ನೋಡಿಕೊಳ್ಳುವವರು ಯಾರ ಲೆಕ್ಕದಲ್ಲೂ ಇಲ್ಲ. ನಿಮ್ಮ ಪತ್ರವನ್ನು ಆರಿಸಿಕೊಂಡದ್ದು ಅದಕ್ಕೇ. ಆದರೆ ನೀವು ಕೇಳಿದ ಎರಡು ಪರಿಹಾರಗಳಲ್ಲಿ ಮೊದಲನೆಯದು ಕೈಗೂಡುವುದಿಲ್ಲ, ಎರಡನೆಯದರಿಂದ ನಿಮಗೇ ನಷ್ಟ ಎಂದು ನನಗೆ ಅನಿಸುತ್ತದೆ.

ಈ ಹಬ್ಬ ಮತ್ತು ಈ ಆಟ ಜೊತೆಯಲ್ಲೇ ಬೆಳೆದವು. ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಥ್ಯಾಂಕ್ಸ್‌ಗಿವಿಂಗ್ ಎಂದು ಘೋಷಿಸಿದ್ದು 1863ರಲ್ಲಿ. 1876ರ ಹೊತ್ತಿಗೆ ಯೇಲ್ ಮತ್ತು ಪ್ರಿನ್ಸ್‌ಟನ್ ತಂಡಗಳು ಆ ದಿನವೇ ಎದುರುಬದುರಾಗಿದ್ದವು. 1893ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅವರ ಹಬ್ಬದ ಪಂದ್ಯಕ್ಕೆ ಸುಮಾರು 40 ಸಾವಿರ ಜನ ಸೇರಿದ್ದರು. 1939ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಂಗಡಿಗಳ ಕ್ರಿಸ್‌ಮಸ್ ವ್ಯಾಪಾರಕ್ಕೆ ಅನುಕೂಲವಾಗಲೆಂದು ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದಾಗ, ನವೆಂಬರ್ 30ಕ್ಕೆ ಪಂದ್ಯ ಗೊತ್ತುಮಾಡಿಕೊಂಡಿದ್ದ ಕಾಲೇಜುಗಳು ಗೊಂದಲಕ್ಕೆ ಬಿದ್ದವು. ಶ್ವೇತಭವನಕ್ಕೆ ಹೋದ ದೂರುಗಳಲ್ಲಿ ಕಾಲೇಜು ಕ್ರೀಡಾ ವಿಭಾಗಗಳ ಪತ್ರಗಳೂ ಇದ್ದವು. ಅರ್ಧದಷ್ಟು ರಾಜ್ಯಗಳು ಹೊಸ ದಿನ, ಉಳಿದವು ಹಳೆಯ ದಿನ ಆಚರಿಸಿದವು. ನಿಮ್ಮ ಟೆಕ್ಸಾಸ್ ಎರಡನ್ನೂ ಆಚರಿಸಿತು! ನವೆಂಬರಿನ ನಾಲ್ಕನೇ ಗುರುವಾರ ಎಂದು ಕಾನೂನಿನಲ್ಲಿ ಗಟ್ಟಿಯಾದದ್ದು 1941ರ ಡಿಸೆಂಬರಿನಲ್ಲಿ.

ಹಾಗಿದ್ದರೂ ನಿಮ್ಮ ಮೊದಲ ಬೇಡಿಕೆಗೆ ಹಿಂದಿನ ಉದಾಹರಣೆ ಇಲ್ಲದಿಲ್ಲ. ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ನಡುವಿನ ಪಂದ್ಯಕ್ಕೆ ಆನ್ ಆರ್ಬರಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ದಶಕಗಳ ಕಾಲ ಅದು ಹಬ್ಬದ ಹಿಂದಿನ ಶನಿವಾರವೇ ನಡೆಯುತ್ತಿತ್ತು; ಆಟ ಮುಗಿಸಿ ಹುಡುಗರು ಮನೆಗೆ ಹೊರಡುತ್ತಿದ್ದರು. 2010ರಿಂದ ಅದು ಹಬ್ಬದ ನಂತರದ ಶನಿವಾರಕ್ಕೆ ಬಂತು. ಹಾರ್ವರ್ಡ್–ಯೇಲ್ ಪಂದ್ಯ ಇಂದಿಗೂ ಹಬ್ಬಕ್ಕೆ ಮುಂಚಿನ ಶನಿವಾರವೇ ಮುಗಿಯುತ್ತದೆ. ಆದರೆ ಈ ಎರಡೂ ಸೇರಿರುವ ಐವಿ ಲೀಗಿನವರು ಆಡುವುದು 10 ಪಂದ್ಯ. ದೊಡ್ಡ ಕಾನ್ಫರೆನ್ಸುಗಳ, ಅಂದರೆ ತಮ್ಮತಮ್ಮಲ್ಲಿ ಆಡುವ ವಿಶ್ವವಿದ್ಯಾಲಯಗಳ ಕೂಟಗಳ, ತಂಡಗಳಿಗೆ 2006ರಿಂದ 12.

ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ. ಅದರ ಹಿಂದಿನ ಶನಿವಾರದಿಂದ ಥ್ಯಾಂಕ್ಸ್‌ಗಿವಿಂಗ್ ಶನಿವಾರದವರೆಗೆ ಕೆಲವು ವರ್ಷ 13 ಶನಿವಾರ ಸಿಗುತ್ತವೆ, 2024 ಮತ್ತು 2025ರಂಥ ವರ್ಷಗಳಲ್ಲಿ 14. ಹಬ್ಬದ ವಾರ ತೆಗೆದುಬಿಟ್ಟರೆ 13ರ ವರ್ಷದಲ್ಲಿ ಹುಡುಗರು 12 ವಾರ ಒಂದು ಬಿಡುವೂ ಇಲ್ಲದೆ ಆಡಬೇಕು. ಗಾಯ, ನೋವು ಇಷ್ಟಿರುವ ಆಟದಲ್ಲಿ ಅದು ಸಲ್ಲದು. ಇಲ್ಲವೇ ಆಗಸ್ಟಿನಲ್ಲಿ ಇನ್ನೂ ಬೇಗ ಆರಂಭಿಸಬೇಕು. ಟೆಕ್ಸಾಸಿನ ಆಗಸ್ಟ್ ಬಿಸಿಲು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಬ್ಯಾಂಡಿನ ತರಬೇತಿಯೂ ಅಷ್ಟೇ ಮುಂಚೆ ಶುರುವಾಗಿ, ನಿಮ್ಮ ಮಗನ ಬೇಸಿಗೆ ರಜೆಯಿಂದಲೇ ವಾರಗಳು ಕಡಿಮೆಯಾಗುತ್ತವೆ. ಡಿಸೆಂಬರಿಗೆ ತಳ್ಳೋಣವೆಂದರೆ ಮೊದಲ ಶನಿವಾರ ಕಾನ್ಫರೆನ್ಸ್ ಫೈನಲ್‌ಗಳು, ಅದರ ಹಿಂದೆಯೇ ಪರೀಕ್ಷೆಗಳು, 2024ರಿಂದ ಚಾಂಪಿಯನ್ ಯಾರೆಂದು ತೀರ್ಮಾನಿಸುವ 12 ತಂಡಗಳ ಪ್ಲೇಆಫ್.

ಈಗ ಶುಕ್ರವಾರದ ಮಾತು. ಗುರುವಾರ ಬಹುಪಾಲು ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಪಾಲಾಗಿದೆ. ಡೆಟ್ರಾಯಿಟ್ 1934ರಿಂದ, ಡಲ್ಲಾಸ್ 1966ರಿಂದ ಆ ದಿನ ಆಡುತ್ತಿವೆ. 2006ರಲ್ಲಿ ರಾತ್ರಿಯ ಮೂರನೇ ಪಂದ್ಯವೂ ಸೇರಿತು. 2011ರವರೆಗೆ ಟೆಕ್ಸಾಸ್ ಮತ್ತು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯಗಳು ಹಬ್ಬದ ದಿನವೇ ಸೆಣಸುವುದಿತ್ತು. ಆ ವರ್ಷ 27–25ರಲ್ಲಿ ಮುಗಿದ ಪಂದ್ಯದ ನಂತರ ಎ ಅಂಡ್ ಎಂ ಬೇರೆ ಕಾನ್ಫರೆನ್ಸಿಗೆ ಹೋಗಿ ಪೈಪೋಟಿಯೇ ನಿಂತುಹೋಯಿತು. 2024ರಲ್ಲಿ ಮತ್ತೆ ಚಿಗುರಿದಾಗ ಶನಿವಾರ ಆಡಿದರು, 2025ರಲ್ಲಿ ಶುಕ್ರವಾರ ರಾತ್ರಿ. ಮಿಸಿಸಿಪ್ಪಿಯ ಎರಡು ವಿಶ್ವವಿದ್ಯಾಲಯಗಳ ನಡುವಿನ ಎಗ್ ಬೌಲ್ ಪಂದ್ಯ ಹಲವು ವರ್ಷ ಗುರುವಾರ ರಾತ್ರಿ ನಡೆದು 2024ರಲ್ಲಿ ಶುಕ್ರವಾರಕ್ಕೆ ಸರಿಯಿತು. ಹಬ್ಬದೂಟದ ದಿನವನ್ನು ಮನೆಯವರಿಗೆ ಬಿಟ್ಟ ಆ ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಶುಕ್ರವಾರಕ್ಕೆ ಟಿವಿಯವರು ಇಷ್ಟು ಬೆಲೆ ಕಟ್ಟುವುದಕ್ಕೆ ಒಂದು ಕಾರಣ 1961ರ ಕ್ರೀಡಾ ಪ್ರಸಾರ ಕಾಯ್ದೆ. ಸೆಪ್ಟೆಂಬರಿನ ಎರಡನೇ ವಾರದಿಂದ ಡಿಸೆಂಬರಿನ ಎರಡನೇ ವಾರದವರೆಗೆ ಶುಕ್ರವಾರ ಸಂಜೆ ಆರರ ನಂತರ ಮತ್ತು ಶನಿವಾರ ಎನ್‌ಎಫ್‌ಎಲ್ ಪ್ರಸಾರಕ್ಕೆ ಅದು ತಡೆಯೊಡ್ಡುತ್ತದೆ. 2023ರಲ್ಲಿ ಎನ್‌ಎಫ್‌ಎಲ್ ಹಬ್ಬದ ಮರುದಿನದ ಬ್ಲ್ಯಾಕ್ ಫ್ರೈಡೇ ಪಂದ್ಯ ಆರಂಭಿಸಿದಾಗ ಅದನ್ನು ಮಧ್ಯಾಹ್ನ ಮೂರಕ್ಕೆ ಇಟ್ಟದ್ದು ಈ ಕಾರಣಕ್ಕೇ. ರಾತ್ರಿ ಕಾಲೇಜು ಆಟಗಳಿಗೆ ಖಾಲಿ ಸಿಗುತ್ತದೆ. ಕಾಯ್ದೆ ಕಾಪಾಡಲು ಹೊರಟದ್ದು ಹೈಸ್ಕೂಲು ಪಂದ್ಯಗಳನ್ನೂ ಹೌದು. ಟೆಕ್ಸಾಸಿನಲ್ಲಿ ಅದೇ ಶುಕ್ರವಾರ ಹೈಸ್ಕೂಲು ಪ್ಲೇಆಫ್ ನಡೆಯುತ್ತಿರುವಾಗ ಕಾಲೇಜಿನವರು ಅದರ ಪ್ರೇಕ್ಷಕರನ್ನು ಸೆಳೆಯುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಇಷ್ಟಾದರೂ ನಿಮ್ಮ ಮಗನ ಮಟ್ಟಿಗೆ ಶುಕ್ರವಾರವೇ ಮೇಲು ಎನ್ನುತ್ತೇನೆ. ಈ ರಜೆಯ ಶುಕ್ರವಾರದ ಪಂದ್ಯಗಳ ದಿನ, ಗಂಟೆ ಸಾಮಾನ್ಯವಾಗಿ ಜೂನಿನಲ್ಲಿ ಶುರುವಾಗುವ ಅಲ್ಲಿನ ಬೇಸಿಗೆಗೆ ಮುಂಚೆಯೇ ಪ್ರಕಟವಾಗುತ್ತವೆ. ಮಿಷಿಗನ್–ಒಹಾಯೊ ಸ್ಟೇಟಿನಂಥ ಕೆಲವನ್ನು ಬಿಟ್ಟರೆ ಶನಿವಾರದ ಪಂದ್ಯಗಳು ಹಾಗಲ್ಲ. ಯಾವ ತಂಡ ಗೆಲ್ಲುತ್ತಿದೆ, ಯಾವುದಕ್ಕೆ ಹೆಚ್ಚು ನೋಡುಗರು ಎಂದು ಕಾದು, 12 ದಿನ ಮುಂಚೆ, ಕೆಲವೊಮ್ಮೆ ಆರೇ ದಿನ ಮುಂಚೆ ಗಂಟೆ ಗೊತ್ತುಮಾಡುವ ಹಕ್ಕು ಚಾನೆಲ್ಲುಗಳಿಗಿದೆ. ಮಧ್ಯಾಹ್ನ 12ಕ್ಕೋ ರಾತ್ರಿ ಎಂಟಕ್ಕೋ ತಿಳಿಯದೆ, ದುಬಾರಿಯ ವಾರದಲ್ಲಿ ವಿಮಾನದ ಟಿಕೆಟ್ ಹೇಗೆ ತೆಗೆಯುವುದು? ನಮ್ಮ ಊರಿನ ತೇರಿನ ದಿನ ಪಂಚಾಂಗ ನೋಡಿದವರಿಗೆಲ್ಲ ಮೊದಲೇ ಗೊತ್ತು; ಬೆಂಗಳೂರಿನಲ್ಲಿರುವವನು ಅದನ್ನು ನೋಡಿಯೇ ರಜೆ ಹಾಕುತ್ತಾನೆ. ಅಷ್ಟು ಮುನ್ಸೂಚನೆ ಈ ಮಕ್ಕಳಿಗೂ ಸಿಗಬೇಕು. ಶುಕ್ರವಾರ ಆಟ ಮುಗಿದರೆ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆಯವರೆಗೆ ಅಜ್ಜಿಯ ಜೊತೆ ಇರಬಹುದು. ಶನಿವಾರ ರಾತ್ರಿ ಮುಗಿದರೆ ಭಾನುವಾರ ಬಂದು ಭಾನುವಾರವೇ ಹಿಂದಿರುಗಬೇಕು.

ಆದ್ದರಿಂದ ನೀವು ವಿಶ್ವವಿದ್ಯಾಲಯಕ್ಕೆ, ಕಾನ್ಫರೆನ್ಸಿಗೆ ಬರೆಯುವುದಾದರೆ ಆಟ ನಿಲ್ಲಿಸಿ ಎಂದು ಬರೆಯಬೇಡಿ. ಥ್ಯಾಂಕ್ಸ್‌ಗಿವಿಂಗ್ ವಾರದ ಎಲ್ಲ ಪಂದ್ಯಗಳ ಗಂಟೆಯನ್ನೂ ಜೂನ್ ಒಳಗೆ ಪ್ರಕಟಿಸಿ, ಆ ವಾರಕ್ಕೆ ಚಾನೆಲ್ಲಿನ 12 ದಿನದ ಹಕ್ಕು ಬೇಡ ಎಂದು ಕೇಳಿ. ಪರಊರಿನ ಪಂದ್ಯಗಳಿಗೆ ಅನೇಕ ಕಡೆ ಬ್ಯಾಂಡಿನ ಚಿಕ್ಕ ಗುಂಪು ಮಾತ್ರ ಹೋಗುವ ಪದ್ಧತಿಯಿದೆ. ತವರಿನ ಮೈದಾನದಲ್ಲೂ ಆ ಒಂದು ವಾರ ಮಕ್ಕಳನ್ನು ಸರದಿಯಲ್ಲಿ ಹಂಚಿ, ಉಳಿಯುವವರಿಗೆ ಊಟದ ಹಾಲ್ ತೆರೆದಿಡಿ ಎಂದೂ ಸೇರಿಸಿ. 2026ರ ಹಬ್ಬ ನವೆಂಬರ್ 26ಕ್ಕೆ. ಶುಕ್ರವಾರದ ಪಟ್ಟಿಗಳು ಬೇಸಿಗೆಗೆ ಮೊದಲೇ ತಯಾರಾಗುವುದರಿಂದ ಪತ್ರ ಏಪ್ರಿಲ್ ಒಳಗೆ ಅವರ ಕೈ ಸೇರಬೇಕು. ಬ್ಯಾಂಡಿನ ಇತರ ಮಕ್ಕಳ ತಂದೆತಾಯಂದಿರ ಸಹಿಯನ್ನೂ ಹಾಕಿಸಿ ಕಳಿಸಿ.

— ಸಂ.