ಮೈದಾನದ ಮಾತು: ಅಮ್ಮನ ಡ್ಯೂಟಿ, ಮಗನ ಬೆಂಚು

ಪ್ರಶ್ನೆ: ಟೀಚರ್, ನನ್ನ ಮಗನಿಗೆ 12 ವರ್ಷ. ಇಲ್ಲೇ ಒಂದು ಕ್ಲಬ್‌ನಲ್ಲಿ 14 ವರ್ಷದೊಳಗಿನವರ ಹಾಕಿ ತಂಡದಲ್ಲಿದ್ದಾನೆ. ನಾನು ನರ್ಸ್, ಶಿಫ್ಟ್ ಕೆಲಸ. ಯಜಮಾನರು ಎಸ್ಟೇಟ್ ರೈಟರ್, ಅಂದರೆ ತೋಟದ ಕೆಲಸದ ಲೆಕ್ಕ, ಉಸ್ತುವಾರಿ ನೋಡುವವರು. ಕಾಫಿ ಕುಯ್ಲು ಶುರುವಾದರೆ ಅವರಿಗೆ ಭಾನುವಾರವೂ ಇಲ್ಲ. ಈಗ ಸೀಸನ್ ನಡುವೆ ಕಮಿಟಿಯವರು ವಾಟ್ಸಾಪ್ ಗ್ರೂಪ್‌ನಲ್ಲಿ ಹೊಸ ನಿಯಮ ಹಾಕಿದ್ದಾರೆ. ಮಕ್ಕಳನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುವುದು, ನೀರು, ಬಾಳೆಹಣ್ಣು, ಸ್ಕೋರ್ ಬರೆಯುವುದು, ಹೀಗೆ ಪ್ರತಿ ಮನೆಗೆ ತಿಂಗಳಿಗೊಂದು ಡ್ಯೂಟಿ. ತಪ್ಪಿದರೆ 500 ರೂಪಾಯಿ. ಎರಡು ಸಲ ತಪ್ಪಿದರೆ ಹುಡುಗ ಬೆಂಚ್‌ನಲ್ಲಿ. ಅನುಕೂಲ ಇದ್ದವರು 500 ಬಿಸಾಕಿ ಸುಮ್ಮನಾಗಿದ್ದಾರೆ. ನಮಗೆ ಅದೂ ಕಷ್ಟ, ಇದೂ ಕಷ್ಟ. ಕೇಳಿದರೆ ಮಗನ ಮೇಲೆ ಸಿಟ್ಟು ತೀರಿಸಿಕೊಂಡರೆ ಅಂತ ಭಯ.
— ಒಬ್ಬ ತಾಯಿ, ಗೋಣಿಕೊಪ್ಪ ಕಡೆಯವರು

ಉತ್ತರ: ಮೊದಲು ಬೆಂಚಿನ ವಿಷಯ. ಅದು ತಪ್ಪು, ಅಷ್ಟೇ. ಹುಡುಗ ಪ್ರಾಕ್ಟೀಸಿಗೆ ಬರಲಿಲ್ಲ, ಅಂಪೈರ್‌ಗೆ ಎದುರು ಮಾತಾಡಿದ ಅಂತ ಕೂರಿಸಲಿ. ಅದು ಅವನ ಲೆಕ್ಕ. ನಿಮ್ಮ ನೈಟ್ ಶಿಫ್ಟ್ ಅವನ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗಂತ ಕಮಿಟಿಯವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಾಗಲೂ, ಬೇಸಿಗೆ ಕ್ಯಾಂಪ್‌ಗಳಲ್ಲೂ ನಾನು ನೋಡಿದ್ದು ಇದನ್ನೇ. ಬೆಳಿಗ್ಗೆ ಮಂಜು ಬಿಡುವ ಮೊದಲೇ ಮಕ್ಕಳನ್ನು ಇಳಿಸಿ ಹೋದ ಕಾರುಗಳು ತಿರುಗಿ ಬರುವುದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಕೋಚ್ ಒಬ್ಬನೇ ಸುಣ್ಣದ ಗೆರೆ ಎಳೆಯಬೇಕು. ಗೋಲ್ ಕೀಪರ್‌ಗೆ ಪ್ಯಾಡ್ ಕಟ್ಟಬೇಕು. ಬೇಲಿ ದಾಟಿ ಕಾಫಿ ಗಿಡದ ಬುಡಕ್ಕೆ ಹೋದ ಚೆಂಡು ಹುಡುಕಬೇಕು. ನಮ್ಮ ಕಡೆ ಕೋಚ್‌ಗಳಲ್ಲಿ ಸಂಬಳಕ್ಕೆ ಬಂದವರು ಕಡಿಮೆ, ಹಾಕಿ ಹುಚ್ಚಿಗೆ ಬಂದವರೇ ಜಾಸ್ತಿ.

ಹೆಗಲು ಕೊಡುವುದು ಕೊಡಗಿಗೆ ಹೊಸದೂ ಅಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಆಡಿದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕದವರು (ಒಕ್ಕ ಅಂದರೆ ಕೊಡವರ ಮನೆತನ) ನಡೆಸಿದಾಗ 360 ತಂಡ, ಗಿನ್ನೆಸ್ ದಾಖಲೆ. ವರ್ಷಕ್ಕೊಂದು ಒಕ್ಕ ಅಷ್ಟು ದೊಡ್ಡ ಜಾತ್ರೆಯನ್ನು ಹೊತ್ತು ನಡೆಸುತ್ತದೆ ಅಂದರೆ ಸುಮ್ನೆ ಅಲ್ಲ. ಆದರೆ ಅಲ್ಲಿ ಸರದಿ ಯಾರದು ಅಂತ ಮೊದಲೇ ಗೊತ್ತಿರುತ್ತದೆ. ಕೈಯಲ್ಲಿ ದುಡ್ಡಿದ್ದವರು ದುಡ್ಡು ಕೊಡುತ್ತಾರೆ, ರಜೆ ಇದ್ದವರು ಬಂದು ನಿಲ್ಲುತ್ತಾರೆ. ನಿಮ್ಮ ಕ್ಲಬ್‌ನವರು ತಪ್ಪಿದ್ದು ಇಲ್ಲೇ. ಫೀಸ್ ತೆಗೆದುಕೊಳ್ಳುವ ದಿನವೇ ಹೇಳಬೇಕಿದ್ದ ಮಾತನ್ನು ನಡು ಸೀಸನ್‌ನಲ್ಲಿ ಫೈನ್ ಮಾಡಿ ಕಳಿಸಿದರು.

ಅಮೆರಿಕದ ಎಷ್ಟೋ ಮಕ್ಕಳ ಕ್ಲಬ್‌ಗಳಲ್ಲಿ ಸೇರಿಸುವಾಗಲೇ ಡಿಪಾಸಿಟ್ ಇಟ್ಟುಕೊಂಡು, ಅಪ್ಪ ಅಮ್ಮ ಒಪ್ಪಿದ ಕೆಲಸ ಮಾಡಿದ ಮೇಲೆ ವಾಪಸ್ ಕೊಡುತ್ತಾರೆ. ಮೊದಲೇ ಹೇಳುತ್ತಾರಲ್ಲ, ಅಷ್ಟು ಮೆಚ್ಚಬೇಕು. ಆದರೂ ನಮ್ಮೂರಿಗೆ ಅದು ಬೇಡ ಅನ್ನುತ್ತೇನೆ. ಒಂದೇ ತಂಡದಲ್ಲಿ ತೋಟದ ಮಾಲೀಕರ ಮಗನೂ ಇರುತ್ತಾನೆ, ತೋಟದ ಕೂಲಿಯವರ ಲೈನ್ ಮನೆಯ ಹುಡುಗನೂ ಇರುತ್ತಾನೆ. ಒಬ್ಬರಿಗೆ 500 ಏನೂ ಅಲ್ಲ, ಇನ್ನೊಬ್ಬರಿಗೆ ಅದು ಒಂದು ದಿನದ ಕೂಲಿ.

ಈಗ ನೀವು ಮಾಡಬೇಕಾದ್ದು. ಗ್ರೂಪ್‌ನಲ್ಲಿ ಏನೂ ಬರೆಯಬೇಡಿ. ಅಲ್ಲಿ ನಾಲ್ಕು ಜನ ಹೆಬ್ಬೆರಳು ಎತ್ತುತ್ತಾರೆ, ಇಬ್ಬರು ಮುನಿಸಿಕೊಳ್ಳುತ್ತಾರೆ, ಕೆಲಸ ಆಗುವುದಿಲ್ಲ. ಸೆಕ್ರೆಟರಿಯನ್ನು ನೇರವಾಗಿ ಕಂಡು ಹೇಳಿ: "ಕುಯ್ಲು ಮುಗಿಯುವವರೆಗೆ, ಅಂದರೆ ಮಾರ್ಚ್‌ವರೆಗೆ, ಪಂದ್ಯದ ದಿನ ಬರಲು ನಮ್ಮಿಂದ ಆಗುವುದಿಲ್ಲ. ಏಪ್ರಿಲ್, ಮೇನಲ್ಲಿ ನನಗೆ ಎರಡೆರಡು ಡ್ಯೂಟಿ ಹಾಕಿ. ಅಲ್ಲಿಯವರೆಗೆ ಕೀಪರ್ ಕಿಟ್ ನಮ್ಮ ಮನೆಗೆ ಬರಲಿ."

ಕೀಪರ್ ಕಿಟ್ ಯಾಕೆ ಅಂದರೆ, ಅದನ್ನು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ! ಇಬ್ಬನಿಯಲ್ಲಿ ನೆಂದ ಪ್ಯಾಡ್ ಮತ್ತು ಶೂ ಮೇಲೆ ಕಟ್ಟುವ ಕಿಕ್ಕರ್, ಬೆವರು ಕುಡಿದ ಹೆಲ್ಮೆಟ್, ಎಲ್ಲ ಒಂದೇ ಬ್ಯಾಗಿನಲ್ಲಿ ಒಂದು ವಾರ. ಜಿಪ್ ಎಳೆದರೆ ಮೂಗು ಮುಚ್ಚಿಕೊಳ್ಳಬೇಕು. ಕಾಫಿ ಕಣದ ಮೂಲೆಯಲ್ಲಿ ಬಿಸಿಲಿಗೆ ಹರಡಿ, ಹರಿದ ಪಟ್ಟಿ ಹೊಲಿದು ಕಳಿಸಿದರೆ ಅದೂ ಡ್ಯೂಟಿಯೇ. ಲೆಕ್ಕಕ್ಕೆ ಬರೆಸಿಕೊಳ್ಳಿ.

ಇನ್ನೊಂದು, ನೀವು ನರ್ಸ್. ಬಿಡುವಾದಾಗ ಒಂದು ಗಂಟೆ ಕೋಚ್‌ಗೂ ಎರಡು ಮೂರು ಪಾಲಕರಿಗೂ ಪ್ರಥಮ ಚಿಕಿತ್ಸೆ ಹೇಳಿಕೊಡಿ. ಹಾಕಿ ಚೆಂಡು 156ರಿಂದ 163 ಗ್ರಾಂ, ಕಲ್ಲಿನಂತೆ ಗಟ್ಟಿ. ಹಾಲುಹಲ್ಲು ಬಿದ್ದು ಬಂದ ಹಲ್ಲು ಪೆಟ್ಟಿಗೆ ಪೂರ್ತಿ ಕಿತ್ತು ಬಂದರೆ ಬೇರು ಮುಟ್ಟದೆ ಹಾಲಿನಲ್ಲಿ ಹಾಕಿ ಗಂಟೆಯೊಳಗೆ ದಂತ ವೈದ್ಯರ ಹತ್ತಿರ ಒಯ್ಯಬೇಕು. ತಲೆಗೆ ಜೋರಾಗಿ ಪೆಟ್ಟು ಬಿದ್ದ ಮಗು "ನಂಗೇನೂ ಆಗಿಲ್ಲ" ಅಂದರೂ ಅವತ್ತು ಮತ್ತೆ ಆಡಬಾರದು. ಇದೆಲ್ಲ ನಿಮಗೆ ದಿನನಿತ್ಯದ್ದು, ಮೈದಾನದಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಆದರೆ ಒಮ್ಮೆ ಒಪ್ಪಿಕೊಂಡರೆ ಪ್ರತಿ ಪಂದ್ಯಕ್ಕೂ ಕರೆಯುತ್ತಾರೆ, "ಇಷ್ಟೇ" ಅಂತ ಮೊದಲೇ ಹೇಳಿಬಿಡಿ.

ಇಷ್ಟಾದ ಮೇಲೂ ಹುಡುಗನನ್ನು ಕೂರಿಸಿದರೆ ಒಬ್ಬರೇ ಹೋಗಬೇಡಿ. ನಿಮ್ಮಂಥ ಮನೆಯವರು ಇನ್ನೂ ಇರುತ್ತಾರೆ. ಮೂರು ನಾಲ್ಕು ಜನ ಸೇರಿ ಆ ನಿಯಮ ತೆಗೆಯಿರಿ ಅಂತ ಬರೆದು ಕೊಡಿ.

ಪ್ರಶ್ನೆ: ಎರಡು ವರ್ಷದಿಂದ ಎಲ್ಲ ಪಂದ್ಯಕ್ಕೂ ನನ್ನದೇ ಜೀಪು, ನನ್ನದೇ ಡೀಸೆಲ್. ಆದರೂ ಮಗಳನ್ನು ಸಬ್‌ಸ್ಟಿಟ್ಯೂಟ್ ಆಗಿಯೇ ಇಟ್ಟಿದ್ದಾರೆ. ಇಷ್ಟು ಮಾಡಿದವನಿಗೆ ಒಂದು ಮಾತು ಕೇಳುವ ಹಕ್ಕೂ ಇಲ್ಲವೇ?
— ಅಮ್ಮತ್ತಿಯ ಓದುಗ

ಉತ್ತರ: ಡೀಸೆಲ್ ದುಡ್ಡು ಕೇಳಿ, ಖಂಡಿತ ಕೇಳಿ. ಎರಡು ವರ್ಷ ಒಬ್ಬರ ಜೇಬಿನಿಂದಲೇ ಹೋಗಿದ್ದು ಸರಿಯಲ್ಲ. ಮಗಳಿಗೆ ಆಡುವ ಜಾಗ ಮಾತ್ರ ಕೇಳಬೇಡಿ. ಜೀಪಿಗೆ ಬದಲಾಗಿ ಸಿಕ್ಕ ಜಾಗ ಅಂತ ಉಳಿದ ಹುಡುಗಿಯರಿಗೆ ಗೊತ್ತಾದರೆ ನಿಮ್ಮ ಮಗಳಿಗೆ ಯಾರೂ ಪಾಸ್ ಕೊಡುವುದಿಲ್ಲ, ಬರೆದಿಟ್ಟುಕೊಳ್ಳಿ. ಹಾಕಿಯಲ್ಲಿ ಒಬ್ಬಳನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದು. ಹಾಗಾಗಿ ಎಷ್ಟು ನಿಮಿಷ ಆಡುತ್ತಾಳೆ ನೋಡಿ. ತೀರಾ ಕಡಿಮೆಯಾದರೆ ಅವಳೇ ಕೋಚ್ ಹತ್ತಿರ ಹೋಗಿ, "ನಾನು ಏನು ಸರಿಮಾಡಿಕೊಳ್ಳಬೇಕು" ಅಂತ ಕೇಳಲಿ. ಅಂದ ಹಾಗೆ, ಆ ಜೀಪಿನಲ್ಲಿ ಎಷ್ಟು ಮಕ್ಕಳನ್ನು ತುಂಬಿಸುತ್ತಿದ್ದೀರಿ? ನಮ್ಮ ತಿರುವಿನ ರಸ್ತೆಯಲ್ಲಿ ಹಿಂದೆ ಜೋತಾಡಿಸಿಕೊಂಡು ಹೋಗುವುದನ್ನು ನೋಡಿ ನನ್ನ ಎದೆ ಝಲ್ಲೆಂದಿದೆ. ಇನ್ನೊಂದು ಗಾಡಿ ಕೊಡಿ ಅಂತ ಕಮಿಟಿಗೆ ಕಟ್ಟುನಿಟ್ಟಾಗಿ ಹೇಳಿ.

ಪ್ರಶ್ನೆ: ನಾನು ಮೈಸೂರಿನಿಂದ ಮದುವೆಯಾಗಿ ಬಂದವಳು. ಹಾಕಿಯ ಗಂಧವೇ ಇಲ್ಲ. ಮುಂದಿನ ವಾರ ಮಕ್ಕಳ ಪಂದ್ಯದಲ್ಲಿ ಸ್ಕೋರ್ ಬರೆಯುವ ಟೇಬಲ್‌ನಲ್ಲಿ ಕೂರಿ ಅಂದಿದ್ದಾರೆ. ಮರ್ಯಾದೆ ಹೋಗುತ್ತದಾ?
— ವಿರಾಜಪೇಟೆ ಓದುಗಿ

ಉತ್ತರ: ಹೋಗುವುದಿಲ್ಲ. ಗೋಲ್ ಆದರೆ ಯಾವ ತಂಡ, ಯಾವ ನಂಬರ್, ಎಷ್ಟನೇ ನಿಮಿಷ ಅಂತ ಬರೆಯಿರಿ. ತಪ್ಪು ಮಾಡಿದವರಿಗೆ ಅಂಪೈರ್ ಕಾರ್ಡ್ ತೋರಿಸುತ್ತಾರೆ. ಹಸಿರು ಕಾರ್ಡ್ ತ್ರಿಕೋನ, ಅವರು 2 ನಿಮಿಷ ಹೊರಗೆ. ಹಳದಿ ಚೌಕ, ಕನಿಷ್ಠ 5 ನಿಮಿಷ. ಕೆಂಪು ದುಂಡಗಿರುತ್ತದೆ, ಅವರು ಆ ಪಂದ್ಯಕ್ಕೆ ಮತ್ತೆ ಬರುವುದಿಲ್ಲ. ದೊಡ್ಡವರ ಪಂದ್ಯ 15 ನಿಮಿಷದ ನಾಲ್ಕು ಕ್ವಾರ್ಟರ್, ಮಕ್ಕಳಿಗೆ ಕಡಿಮೆ ಮಾಡಿರುತ್ತಾರೆ. ಎಷ್ಟು ಅಂತ ಶುರುವಾಗುವ ಮೊದಲೇ ಅಂಪೈರ್ ಹತ್ತಿರ ಕೇಳಿಕೊಳ್ಳಿ. ನಂಬರ್ ಕಾಣದಿದ್ದರೆ ಊಹಿಸಿ ಬರೆಯಬೇಡಿ, ಅಂಪೈರ್ ಕಡೆ ಕೈ ಎತ್ತಿ, ಅವರೇ ಹೇಳುತ್ತಾರೆ. ನಿಮ್ಮ ಮಗು ಗೋಲ್ ಹೊಡೆದರೂ ಬರೆದ ಮೇಲೆ ಚಪ್ಪಾಳೆ ಹೊಡೆಯಿರಿ.